ಅಕ್ಷರದ ಕೆಳಗಿನ ಚುಕ್ಕಿ ಎಲ್ಲಿ ಹೋಯಿತು?

"ಅಕ್ಕಾರ, ಮನ್ಯಾಗ ಎಲ್ಲಾ ಸರಿ ಇತ್ರೀ. ಇಲ್ಲಿ ನೋಡಿದ್ರ ಬರೇ ಡಬ್ಬಿ ಡಬ್ಬಿ ಕಾಣಾಕತ್ತಾವು."

ಧಾರವಾಡದಲ್ಲಿ ನಾನು ಥೀಸಿಸ್‌ಗಳ ಡಿಟಿಪಿ ಮಾಡಿಕೊಡುತ್ತೇನೆ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗಿ ಪೆನ್‌ಡ್ರೈವ್ ಹಿಡಿದುಕೊಂಡು ಬಂದಳು. ಗದಗ ಕಡೆಯವಳು. ಲಕ್ಕುಂಡಿ, ಅಣ್ಣಿಗೇರಿ ಸುತ್ತಲಿನ ಶಾಸನಗಳ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಳು. ಊರ ಹೆಸರು, ಅರಸರ ಹೆಸರು, ಶಾಸನದ ಸಾಲು, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಕೆಲವು ಅಕ್ಷರಕ್ಕೆ ನೆತ್ತಿಯ ಮೇಲೆ ಗೀಟು, ಕೆಲವಕ್ಕೆ ಕೆಳಗೆ ಚುಕ್ಕಿ. ಬೇರೆ ಕಡೆ ಪ್ರಿಂಟ್ ಹಾಕಿಸಿ ಬೈಂಡ್ ಆಗಿ ಬಂದ ಮೇಲೆ ನೋಡಿದರೆ, ಚುಕ್ಕಿ ಇರಬೇಕಾದ ಕಡೆ ಖಾಲಿ ಚೌಕ. ಇನ್ನು ಕೆಲವು ಪುಟಗಳಲ್ಲಿ ಸಂಬಂಧವೇ ಇಲ್ಲದ ಅಕ್ಷರ. ದುಡ್ಡು ಹೋಯಿತು, ಸಲ್ಲಿಸುವ ದಿನ ಹತ್ತಿರ ಬಂತು. ಅವಳ ಮುಖ ನೋಡಿ ನನಗೂ ಕರುಳು ಚುರುಕ್ ಅಂದಿತು.

"ನಿಲ್ಲವಾ, ನೋಡೋಣು" ಅಂದೆ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಅಕ್ಷರಗಳ ಹೆಸರನ್ನು ಕನ್ನಡದಲ್ಲೇ ಹೇಳುತ್ತೇನೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಬರೆದು ನೋಡಿದರೆ ಬೇಗ ತಿಳಿಯುತ್ತದೆ.

ಮೊದಲು, ಈ ಚುಕ್ಕಿ ಯಾಕೆ ಬೇಕು? ಬೆಲೆ, ಬೆಳೆ, ಬೇಳೆ. ಹುಬ್ಬಳ್ಳಿಯ ಮಾರ್ಕೆಟ್‌ನಲ್ಲಿ ಈ ಮೂರು ಶಬ್ದ ದಿನವಿಡೀ ಕಿವಿಗೆ ಬೀಳುತ್ತವೆ. ಮೂರನ್ನೂ ಸುಮ್ನೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ: ಬಿ, ಇ, ಎಲ್, ಇ. ಮೂರೂ ಒಂದೇ ಆಯಿತು, ಅಲ್ವಾ? ಈಗ ಎಲ್ ಕೆಳಗೆ ಒಂದು ಚುಕ್ಕಿ ಇಡಿ, ಬೆಲೆ ಹೋಗಿ ಬೆಳೆ ಬಂತು. ಮೊದಲ ಇ ಮೇಲೆ ಅಡ್ಡ ಗೀಟು ಎಳೆಯಿರಿ, ಬೇಳೆ ಆಯಿತು. ಹುಬ್ಬಳ್ಳಿಯನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ 1ರಂದು ಇಂಗ್ಲಿಷಿನ ಹಳೆಯ ಕಾಗುಣಿತ ಹೋಗಿ, ನಾವು ಕರೆಯುವ ಹಾಗೆಯೇ ಬರೆಯುವ ಕಾಗುಣಿತ ಬಂತು. ಒಳ್ಳೆಯದೇ ಆಯಿತು. ಆದರೆ ಕನ್ನಡ ಗೊತ್ತಿಲ್ಲದವನು ಆ ಎರಡು ಎಲ್ ನೋಡಿ ಹುಬ್ಬಲ್ಲಿ ಎಂದೇ ಓದುತ್ತಾನೆ. ಹಳ್ಳಿ ಹಲ್ಲಿಯಾಗುತ್ತದೆ. ಎರಡು ಚುಕ್ಕಿ ಇಟ್ಟರೆ ಮಾತ್ರ ಅದು ಳ್ಳಿ.

ಧಾರವಾಡ ಇನ್ನೂ ಚೆನ್ನಾಗಿದೆ. ಅದರಲ್ಲಿ ಡಿ ಎರಡು ಸಲ ಬರುತ್ತದೆ. ಮೊದಲನೆಯದು ಧ, ಅದಕ್ಕೆ ಚುಕ್ಕಿ ಇಲ್ಲ, ಪಕ್ಕದಲ್ಲಿ ಎಚ್ ಇದೆ. ಎರಡನೆಯದು ಡ, ಅದಕ್ಕೆ ಚುಕ್ಕಿ ಇದೆ. ಹಾವೇರಿಗೆ ಎ ಮೇಲೊಂದು, ಇ ಮೇಲೊಂದು ಗೀಟು. ಲಕ್ಷ್ಮೇಶ್ವರದಲ್ಲಿ ಷ ಮತ್ತು ಶ ಎರಡೂ ಇವೆ. ಷ ಬೇಕೆಂದರೆ ಎಸ್ ಕೆಳಗೆ ಚುಕ್ಕಿ, ಶ ಬೇಕೆಂದರೆ ಎಸ್ ಮೇಲೆ ಓರೆ ಗೀಟು. ಗದಗಕ್ಕೆ ಏನೂ ಬೇಡ. ಆದರೆ ಆ ಖಾಲಿ ಜಾಗಕ್ಕೂ ಅರ್ಥ ಇದೆ. ಚುಕ್ಕಿ ಇಲ್ಲದ್ದರಿಂದಲೇ ಅದು ಗಡಗ ಅಲ್ಲ, ಗದಗ ಎಂದು ಗೊತ್ತಾಗುತ್ತದೆ. ಒಂದು ಕಡೆ ಚುಕ್ಕಿ ಇಟ್ಟು ಇನ್ನೊಂದು ಕಡೆ ಮರೆತರೆ, ಚುಕ್ಕಿ ಇಲ್ಲದ ಶಬ್ದಗಳನ್ನೂ ನಂಬುವ ಹಾಗಿಲ್ಲ. ಅದಕ್ಕೇ ನಾನು ಹುಡುಗರಿಗೆ ಹೇಳುವುದು: ಹಾಕಿದರೆ ಪೂರ್ತಿ ಹಾಕು, ಇಲ್ಲವಾದರೆ ಬಿಟ್ಟೇಬಿಡು.

ಈ ಪದ್ಧತಿ ಹೊಸದೇನಲ್ಲ. ಸಂಸ್ಕೃತವನ್ನು ರೋಮನ್ ಅಕ್ಷರದಲ್ಲಿ ಹೇಗೆ ಬರೆಯಬೇಕು ಎಂದು 1894ರಲ್ಲಿ ಜಿನೀವಾದಲ್ಲಿ ಸೇರಿದ ಪೌರ್ವಾತ್ಯ ವಿದ್ವಾಂಸರ ಸಮ್ಮೇಳನ ಒಂದು ರೀತಿಯನ್ನು ಒಪ್ಪಿಕೊಂಡಿತು. ಈಗ ಐಎಎಸ್‌ಟಿ ಎಂದು ಕರೆಯುವ ಪದ್ಧತಿ ಅದರಿಂದ ಬೆಳೆದದ್ದು. ಅದೇ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಗೆ ಬಂತು. ಕಿಟ್ಟೆಲ್ ಹೆಸರಿನ ಕಾಲೇಜು ನಮ್ಮ ಧಾರವಾಡದಲ್ಲೇ ಇದೆ. ಅವರ ಕೆಲಸದಲ್ಲೂ ಕನ್ನಡದ ಶಬ್ದಗಳು ರೋಮನ್ ಅಕ್ಷರದಲ್ಲಿ ಗೀಟು ಚುಕ್ಕಿ ಹೊತ್ತುಕೊಂಡು ನಿಂತಿರುವುದು ಕಾಣುತ್ತದೆ. ಆಗ ಚುಕ್ಕಿಯ ಎಲ್ ಎಂದರೆ ಸೀಸದ ಬೇರೆಯದೇ ಮೊಳೆ. ಮೊಳೆ ಜೋಡಿಸುವವನು ಬೇರೆ ಖಾನೆಯಿಂದ ಅದನ್ನು ಹೆಕ್ಕಿ ತೆಗೆದು ಇಡಬೇಕಿತ್ತು. ಅಷ್ಟು ದೊಡ್ಡ ನಿಘಂಟಿನ ಉದ್ದಕ್ಕೂ ಆ ಕೆಲಸ ಮಾಡಿದ ಕೈಗಳನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಐಎಎಸ್‌ಟಿ ಸಂಸ್ಕೃತಕ್ಕೆ ಹೊಲಿದ ಅಂಗಿ. ಕನ್ನಡಕ್ಕೆ ಒಂದು ಕಡೆ ಬಿಗಿಯಾಗುತ್ತದೆ. ಸಂಸ್ಕೃತದಲ್ಲಿ ಕನ್ನಡದ ಎ, ಒ ಎಂಬ ಹ್ರಸ್ವಗಳಿಲ್ಲ, ಏ ಮತ್ತು ಓ ಮಾತ್ರ. ಹಾಗಾಗಿ ಅವುಗಳ ಮೇಲೆ ಗೀಟು ಎಳೆಯುವ ಅಗತ್ಯವೇ ಅವರಿಗೆ ಬೀಳಲಿಲ್ಲ. ನಮಗೆ ಬೆಳೆ ಬೇರೆ, ಬೇಳೆ ಬೇರೆ. ಕೊಡು ಬೇರೆ, ಕೋಡು ಬೇರೆ. ಇದನ್ನು ಸರಿಪಡಿಸಿದ್ದು 2001ರಲ್ಲಿ ಬಂದ ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಮಾನದಂಡ. ಅದರಲ್ಲಿ ದೀರ್ಘಕ್ಕೆ ಗೀಟು ಇದೆ, ಹ್ರಸ್ವಕ್ಕೆ ಇಲ್ಲ. ಅನುಸ್ವಾರದಲ್ಲೂ ವ್ಯತ್ಯಾಸ ಇದೆ. ಐಎಎಸ್‌ಟಿಯಲ್ಲಿ ಎಮ್ ಕೆಳಗೆ ಚುಕ್ಕಿ, ಐಎಸ್‌ಒದಲ್ಲಿ ಎಮ್ ಮೇಲೆ ಚುಕ್ಕಿ. ಋ ಬರೆಯಲು ಒಂದರಲ್ಲಿ ಆರ್ ಕೆಳಗೆ ಚುಕ್ಕಿ, ಇನ್ನೊಂದರಲ್ಲಿ ಆರ್ ಕೆಳಗೆ ಪುಟ್ಟ ಸೊನ್ನೆ. ಕನ್ನಡದ ಕೆಲಸಕ್ಕೆ ಐಎಸ್‌ಒ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಗೈಡ್ ಬೇರೆ ಹೇಳಿದರೆ ಅವರು ಹೇಳಿದ್ದನ್ನೇ ಹಿಡಿಯಿರಿ, ಆದರೆ ಎರಡನ್ನೂ ಕಲಸಬೇಡಿ.

ಶಾಸನ ಓದುವವರಿಗೆ ಇನ್ನೊಂದು ಮಾತು. ಹಳಗನ್ನಡದಲ್ಲಿ ೞ ಇತ್ತು. ಇವತ್ತು ನಾವು ಏಳು ಎಂದು ಬರೆಯುವ ಸಂಖ್ಯೆ ಅಲ್ಲಿ ಏೞು. ರೋಮನ್‌ನಲ್ಲಿ ಳ ಎಂದರೆ ಎಲ್ ಕೆಳಗೆ ಚುಕ್ಕಿ, ೞ ಎಂದರೆ ಎಲ್ ಕೆಳಗೆ ಅಡ್ಡ ಗೀಟು. ಚುಕ್ಕಿಗೂ ಗೀಟಿಗೂ ಇರುವ ಈ ಸಣ್ಣ ವ್ಯತ್ಯಾಸದಲ್ಲಿ ಕನ್ನಡದ ಕೆಲವು ಶತಮಾನಗಳೇ ಕೂತಿವೆ. ಮಸುಕಾದ ಝೆರಾಕ್ಸಿನಲ್ಲಿ ಎರಡೂ ಒಂದೇ ಕಾಣುತ್ತವೆ, ಮೂಲ ಪುಟವನ್ನೇ ನೋಡಬೇಕು. ಕಂಪ್ಯೂಟರಿಗಾಗಿ ಲೋಕದ ಲಿಪಿಗಳ ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಈ ೞ ಅಕ್ಷರಕ್ಕೆ ತಪ್ಪಾಗಿ "ಫ" ಎಂದು ಹೆಸರು ಕೊಟ್ಟಿದ್ದಾರೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬುದು ಅಲ್ಲಿನ ನಿಯಮ, ಹಾಗಾಗಿ ಆ ತಪ್ಪು ಹಾಗೇ ಉಳಿದಿದೆ. ಅಕ್ಷರ ಮಾತ್ರ ಸರಿಯಾಗಿದೆ, ಧೈರ್ಯವಾಗಿ ಬಳಸಬಹುದು.

ಇನ್ನು ಕಂಪ್ಯೂಟರಿನ ವಿಷಯ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಪಟ್ಟಿ ಮಾಡಿದರು. ಅದರಲ್ಲಿ ಒಟ್ಟು 128 ಮನೆ. ಇಂಗ್ಲಿಷಿಗೆ ಸಾಕಾಯಿತು. ಆಮೇಲೆ ಅದನ್ನು 256ಕ್ಕೆ ಏರಿಸಿ ಯುರೋಪಿನ ಭಾಷೆಗಳ ಅಕ್ಷರಗಳನ್ನು ಕೂರಿಸಿದರು. ಸ್ಪ್ಯಾನಿಶ್‌ನ ಅಲೆ ಗೀಟಿನ ಎನ್, ಜರ್ಮನ್‌ನ ಎರಡು ಚುಕ್ಕಿಯ ಯು, ಫ್ರೆಂಚ್‌ನ ಓರೆ ಗೀಟಿನ ಇ ಬಂದವು. ನಮ್ಮ ಕೆಳಚುಕ್ಕಿಯ ಎಲ್‌ಗೆ, ಗೀಟು ಹೊತ್ತ ಎಗೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ.

ಆಗ ಜನ ಒಂದು ಉಪಾಯ ಮಾಡಿದರು. ಇರುವ ಮನೆಯಲ್ಲೇ ಬೇರೆ ಚಿತ್ರ ಕೂರಿಸಿದರು. ಇದು ಕನ್ನಡ ಡಿಟಿಪಿ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲನ್ನು ಅದರ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಿದ್ದೀರಾ? "ಕನ್ನಡ" ಎಂಬ ಶಬ್ದ ಇರಬೇಕಾದಲ್ಲಿ ಹೀಗೆ ಕಾಣುತ್ತದೆ: ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆ ಗೀಟಿರುವ ದೊಡ್ಡ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್‌ನ ಜೋಡಿ ಎಸ್, ಕ್ಯೂ, ಮತ್ತೆ ಅದೇ ಎ. ಆ ಗೀಟಿನ ಎ ಇದೆಯಲ್ಲ, ಅದೇ ನಮ್ಮ ತಲೆಕಟ್ಟು. ಫೈಲಿನ ಒಳಗೆ ಇದ್ದದ್ದು ಕನ್ನಡ ಅಲ್ಲವೇ ಅಲ್ಲ. ಯುರೋಪಿನ ಅಕ್ಷರಗಳ ನಂಬರಿಗೆ ಕನ್ನಡದ ಚಿತ್ರ ತೊಡಿಸಿದ್ದರು, ಅಷ್ಟೇ. ಫಾಂಟ್ ಹೋದರೆ ಕನ್ನಡವೂ ಹೋಯಿತು.

ಆ ಹುಡುಗಿಯ ಅರ್ಧ ಪುಟಗಳಿಗೆ ಆಗಿದ್ದು ಇದೇ. ಹಳೆಯ ಫೈಲೊಂದರಿಂದ ಶಾಸನದ ಸಾಲುಗಳನ್ನು ಕಾಪಿ ಮಾಡಿಕೊಂಡಿದ್ದಳು. ಅದು ಗೀಟು ಚುಕ್ಕಿಗಾಗಿಯೇ ಯಾರೋ ಮಾಡಿದ ಹಳೆಯ ಫಾಂಟಿನಲ್ಲಿತ್ತು. ಅವಳ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇತ್ತು, ಪ್ರಿಂಟ್ ಮಾಡಿದ ಕಡೆ ಇರಲಿಲ್ಲ.

ಇನ್ನರ್ಧ ಅವಳೇ ಟೈಪ್ ಮಾಡಿದ್ದು, ಅದು ಯೂನಿಕೋಡ್. ಅಲ್ಲಿ ನಂಬರುಗಳೆಲ್ಲ ಸರಿ ಇದ್ದವು. ಪ್ರಿಂಟ್ ಮಾಡುವಾಗ ಪೂರ್ತಿ ಫೈಲಿಗೆ ಒಂದು ಅಲಂಕಾರದ ಫಾಂಟ್ ಹಾಕಿದ್ದರು, ಅದರಲ್ಲಿ ಚುಕ್ಕಿಯ ಅಕ್ಷರಗಳ ಚಿತ್ರವೇ ಇರಲಿಲ್ಲ. ಅದಕ್ಕೇ ಚೌಕ. ಈ ಎರಡು ಕಾಯಿಲೆಯನ್ನು ಬೇರೆ ಬೇರೆ ಗುರುತಿಸುವುದು ಮುಖ್ಯ. ಚೌಕ ಕಂಡರೆ ಹೆದರಬೇಡಿ, ಮಾಹಿತಿ ಒಳಗೆ ಭದ್ರವಾಗಿದೆ, ಫಾಂಟ್ ಬದಲಿಸಿ. ಸಂಬಂಧವಿಲ್ಲದ ಅಕ್ಷರ ಕಂಡರೆ ಒಳಗಿನ ನಂಬರೇ ಬೇರೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು, ಇಲ್ಲವೇ ಮತ್ತೆ ಟೈಪ್ ಮಾಡಬೇಕು.

ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂತು. ಲೋಕದ ಎಲ್ಲ ಲಿಪಿಯ ಪ್ರತಿ ಅಕ್ಷರಕ್ಕೂ ಬೇರೆ ನಂಬರ್ ಕೊಡುವುದು ಅದರ ಗುರಿ. ಕನ್ನಡಕ್ಕೆ ಬೇರೆ ಓಣಿ, ಗೀಟಿನ ಅಕ್ಷರಗಳಿಗೆ ಬೇರೆ ಓಣಿ. ನಂಬರುಗಳನ್ನು ಹದಿನಾರರ ಲೆಕ್ಕದಲ್ಲಿ ಬರೆಯುತ್ತಾರೆ. ಸೊನ್ನೆಯಿಂದ ಒಂಬತ್ತು ಆದ ಮೇಲೆ ಎ, ಬಿ, ಸಿ, ಡಿ, ಇ, ಎಫ್ ಕೂಡ ಅಂಕಿಗಳೇ. ಗೀಟಿನ ಎ 0101. ಚುಕ್ಕಿಯ ಎಲ್ 1ಇ37. ಚುಕ್ಕಿಯ ಟಿ 1ಇ6ಡಿ, ಚುಕ್ಕಿಯ ಡಿ 1ಇ0ಡಿ, ಚುಕ್ಕಿಯ ಎನ್ 1ಇ47, ಚುಕ್ಕಿಯ ಎಸ್ 1ಇ63. ಇವಿಷ್ಟು ನನ್ನ ಮೇಜಿನ ಗೋಡೆಗೆ ಅಂಟಿಸಿದ ಚೀಟಿಯಲ್ಲಿವೆ.

ಇಲ್ಲಿಯವರೆಗೆ ಸರಳ. ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಯೂನಿಕೋಡಿನಲ್ಲಿ ಚುಕ್ಕಿಯ ಎಲ್ ಬರೆಯಲು ಎರಡು ದಾರಿ ಇವೆ. ಒಂದು, 1ಇ37 ಎಂಬ ಒಂದೇ ನಂಬರ್. ಇನ್ನೊಂದು, ಸಾದಾ ಎಲ್ ಬರೆದು ಅದರ ಹಿಂದೆಯೇ ಬಿಡಿ ಚುಕ್ಕಿಯ ನಂಬರ್ 0323 ಇಡುವುದು. ಆ ಚುಕ್ಕಿ ಹೋಗಿ ಎಲ್ ಕೆಳಗೆ ಕೂರುತ್ತದೆ. ಕಣ್ಣಿಗೆ ಎರಡೂ ಒಂದೇ.

ಕನ್ನಡಿಗರಿಗೆ ಇದು ಹೊಸತಲ್ಲ. ಶಾಲೆಯಲ್ಲಿ ಏನು ಕಲಿತೆವು? ಕ ಗೆ ಗುಡಿಸು ಕೊಟ್ಟರೆ ಕಿ, ಕ ಗೆ ಗುಡಿಸಿನ ದೀರ್ಘ ಕೀ. ಯೂನಿಕೋಡಿನಲ್ಲೂ ಕೀ ಎಂಬುದನ್ನು ಎರಡು ರೀತಿ ಬರೆಯಬಹುದು. ಕ ಆದ ಮೇಲೆ ಗುಡಿಸಿನ ದೀರ್ಘ ಎಂಬ ಒಂದೇ ಚಿಹ್ನೆ ಇಡಬಹುದು. ಇಲ್ಲವೇ ಗುಡಿಸು ಇಟ್ಟು, ಅದರ ಮುಂದೆ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಇಡಬಹುದು. ಓದುವವನಿಗೆ ಕೀ ಒಂದೇ, ಕಂಪ್ಯೂಟರಿಗೆ ಎರಡು. ಚುಕ್ಕಿಯ ಎಲ್ ಕತೆಯೂ ಇಷ್ಟೇ.

ತೊಂದರೆ ಆಗುವುದು ಹುಡುಕುವಾಗ. ಪ್ರಬಂಧದ ಮೊದಲ ಅಧ್ಯಾಯದಲ್ಲಿ ಹುಬ್ಬಳ್ಳಿಯನ್ನು ಕೂಡಿಸಿದ ರೂಪದಲ್ಲಿ ಬರೆದು, ಮೂರನೆಯದರಲ್ಲಿ ಬಿಡಿಸಿದ ರೂಪದಲ್ಲಿ ಬರೆದಿದ್ದರೆ, ಬಹಳ ತಂತ್ರಾಂಶಗಳಲ್ಲಿ ಒಂದನ್ನು ಹುಡುಕಿದಾಗ ಇನ್ನೊಂದು ಸಿಗುವುದಿಲ್ಲ. ಶಬ್ದಸೂಚಿಯಲ್ಲಿ ಒಂದೇ ಊರು ಎರಡು ಸಲ ಬರುತ್ತದೆ. ಆ ಹುಡುಗಿಯ ಸೂಚಿಯಲ್ಲಿ ಲಕ್ಕುಂಡಿ ಹೀಗೇ ಎರಡು ಕಡೆ ಕೂತಿತ್ತು. ಅವಳು ನಂಬಲೇ ಇಲ್ಲ. "ಎರಡೂ ಒಂದ ಅದಾವಲ್ರೀ" ಅಂದಳು. ವರ್ಡ್‌ನಲ್ಲಿ ಮೊದಲ ಲಕ್ಕುಂಡಿಯ ಚುಕ್ಕಿಯ ಎನ್ ಪಕ್ಕದಲ್ಲಿ ಕರ್ಸರ್ ಇಟ್ಟು, ಆಲ್ಟ್ ಹಿಡಿದು ಎಕ್ಸ್ ಒತ್ತಿ ತೋರಿಸಿದೆ. ಅಕ್ಷರ ಮಾಯವಾಗಿ 1ಇ47 ಎಂದು ಬಂತು. ಮತ್ತೆ ಒತ್ತಿದೆ, ಅಕ್ಷರ ವಾಪಸ್. ಎರಡನೇ ಲಕ್ಕುಂಡಿಯಲ್ಲಿ ಹಾಗೇ ಒತ್ತಿದಾಗ 0323 ಬಂತು, ಎನ್ ಬೋಳಾಗಿ ಪಕ್ಕದಲ್ಲೇ ನಿಂತಿತ್ತು. ಆಗ ಅವಳಿಗೆ ತಿಳಿಯಿತು.

ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಎಂದು ಹೆಸರು. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಸಾಧನಗಳು ಸುಲಭವಾಗಿ ಸಿಗುತ್ತವೆ. ಕೆಲಸ ಮುಗಿದ ಮೇಲೆ ಇಡೀ ಬರಹವನ್ನು ಎನ್‌ಎಫ್‌ಸಿಗೆ ತಂದುಬಿಡಿ. ಒಂದು ಮಾತು ನೆನಪಿರಲಿ. ಐಎಸ್‌ಒ ಪ್ರಕಾರ ಋ ಬರೆಯಲು ಆರ್ ಕೆಳಗೆ ಸೊನ್ನೆ ಇಡುತ್ತೀರಲ್ಲ, ಅದಕ್ಕೆ ಒಂದೇ ನಂಬರಿನ ರೂಪ ಇಲ್ಲವೇ ಇಲ್ಲ. ಅದು ಯಾವಾಗಲೂ ಬಿಡಿಯಾಗಿಯೇ ಇರುತ್ತದೆ. ಆದ್ದರಿಂದ ಸೊನ್ನೆಯನ್ನು ಸರಿಯಾದ ಜಾಗದಲ್ಲಿ ಕೂರಿಸುವ ಫಾಂಟ್ ಬೇಕು. ಜೆಂಟಿಯಮ್, ಚಾರಿಸ್, ನೋಟೋ ಸೆರಿಫ್, ಮೂರೂ ಉಚಿತ, ಮೂರರಲ್ಲೂ ಈ ಅಕ್ಷರಗಳು ಚೆನ್ನಾಗಿ ಕೂರುತ್ತವೆ. ನನ್ನ ಒಲವು ಜೆಂಟಿಯಮ್ ಕಡೆಗೆ. ಅದರ ಚುಕ್ಕಿ ಸಣ್ಣ ಅಕ್ಷರದಲ್ಲೂ ಕಣ್ಣಿಗೆ ಕಾಣುತ್ತದೆ.

ಟೈಪ್ ಮಾಡುವುದು ಹೇಗೆ? ಫೋನಿನ ಇಂಗ್ಲಿಷ್ ಕೀಬೋರ್ಡಿನಲ್ಲಿ ಎ ಒತ್ತಿ ಹಿಡಿದರೆ ಗೀಟಿನ ಎ ಸಿಗುತ್ತದೆ. ಆದರೆ ಕೆಳಗೆ ಚುಕ್ಕಿ ಇರುವವು ಸಾಮಾನ್ಯವಾಗಿ ಸಿಗುವುದಿಲ್ಲ. ಮ್ಯಾಕ್‌ನಲ್ಲಿ ಎಬಿಸಿ ಎಕ್ಸ್‌ಟೆಂಡೆಡ್ ಎಂಬ ಕೀಬೋರ್ಡ್ ಆರಿಸಿಕೊಳ್ಳಿ. ಆಪ್ಶನ್ ಹಿಡಿದು ಎ ಒತ್ತಿ, ಆಮೇಲೆ ಸ್ವರ ಒತ್ತಿದರೆ ಗೀಟು. ಆಪ್ಶನ್ ಹಿಡಿದು ಎಕ್ಸ್ ಒತ್ತಿ, ಆಮೇಲೆ ವ್ಯಂಜನ ಒತ್ತಿದರೆ ಕೆಳಗೆ ಚುಕ್ಕಿ. ಲಿನಕ್ಸ್‌ನಲ್ಲಿ ಕಂಪೋಸ್ ಕೀ ಇಟ್ಟುಕೊಂಡರೆ ಆಶ್ಚರ್ಯ ಚಿಹ್ನೆ ಮತ್ತು ಟಿ ಸೇರಿ ಚುಕ್ಕಿಯ ಟಿ ಆಗುತ್ತದೆ.

ವಿಂಡೋಸ್‌ನ ವರ್ಡ್‌ನಲ್ಲಿ ನಂಬರ್ ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಬೇಕು. ಇಲ್ಲೊಂದು ಗುಂಡಿ ಇದೆ, ನಾನೇ ಎಷ್ಟೋ ಸಲ ಬಿದ್ದಿದ್ದೇನೆ. ಹುಬ್ಬಳ್ಳಿ ಬರೆಯುವಾಗ ಬಿ, ಬಿ, ಎ ಆದ ಮೇಲೆ 1ಇ37 ಹೊಡೆಯುತ್ತೀರಿ. ಆದರೆ ಹದಿನಾರರ ಲೆಕ್ಕದಲ್ಲಿ ಎ ಮತ್ತು ಬಿ ಕೂಡ ಅಂಕಿಗಳಲ್ವಾ? ವರ್ಡ್‌ಗೆ ನಂಬರ್ ಎಲ್ಲಿಂದ ಶುರು ಎಂದು ಗೊತ್ತಾಗುವುದಿಲ್ಲ, ಏನೋ ಒಂದು ಚೌಕ ಕೊಡುತ್ತದೆ. ಅದಕ್ಕೆ ಆ ನಾಲ್ಕು ಅಂಕಿಗಳನ್ನು ಮಾತ್ರ ಸೆಲೆಕ್ಟ್ ಮಾಡಿ ಆಮೇಲೆ ಒತ್ತಿ.

ಜಾಸ್ತಿ ಪುಟ ಇದ್ದರೆ ಈ ಯಾವ ದಾರಿಯೂ ಬೇಡ. ಕನ್ನಡದಲ್ಲೇ ಟೈಪ್ ಮಾಡಿ, ಅಕ್ಷರಮುಖ ಎಂಬ ಉಚಿತ ಸಾಧನದಲ್ಲಿ ಹಾಕಿ, ಐಎಸ್‌ಒ 15919 ಆರಿಸಿ. ಹುಬ್ಬಳ್ಳಿ ಕೊಟ್ಟರೆ ಚುಕ್ಕಿ ಸಮೇತ ಬರುತ್ತದೆ. ಕೊಡುವ ಕನ್ನಡ ಯೂನಿಕೋಡಿನಲ್ಲಿರಬೇಕು, ಹಳೆಯ ನುಡಿ ಫೈಲ್ ನಡೆಯುವುದಿಲ್ಲ. ಕನ್ನಡದಲ್ಲಿ ದೊಡ್ಡ ಅಕ್ಷರ ಇಲ್ಲ, ಹಾಗಾಗಿ ಹೆಸರಿನ ಮೊದಲ ಅಕ್ಷರವನ್ನು ಕೈಯಿಂದ ದೊಡ್ಡದು ಮಾಡಿಕೊಳ್ಳಬೇಕು. ಕನ್ನಡ ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಕಾಗುಣಿತ ಸರಿ ಇದ್ದರೆ ಚುಕ್ಕಿ ತಪ್ಪುವುದಿಲ್ಲ.

ಎಲ್ಲಿ ಹಾಕಬಾರದು ಎಂಬುದೂ ಗೊತ್ತಿರಲಿ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ, ಹೆಸರಿಗೆ ಅಲ್ಲಿ ಬರೀ ದೊಡ್ಡ ಇಂಗ್ಲಿಷ್ ಅಕ್ಷರ. ಬ್ಯಾಂಕಿನ ಫಾರ್ಮು, ಪರೀಕ್ಷೆಯ ಅರ್ಜಿಯಲ್ಲೂ ಸಾದಾ ಅಕ್ಷರವೇ ಇರಲಿ. ಎಸ್‌ಎಂಎಸ್‌ನಲ್ಲಿ ಒಂದೇ ಒಂದು ಚುಕ್ಕಿಯ ಎಲ್ ಸೇರಿದರೂ 160 ಅಕ್ಷರದ ಮಿತಿ 70ಕ್ಕೆ ಇಳಿಯುತ್ತದೆ. ವೆಬ್ ವಿಳಾಸದಲ್ಲಿ ಚುಕ್ಕಿ ಕಂಡರಂತೂ ಎಚ್ಚರ. ನಮ್ಮ ಬ್ಯಾಂಕಿನ ಹೆಸರಿನಂತೆಯೇ ಕಾಣುವ, ಆದರೆ ಒಂದು ಅಕ್ಷರದ ಕೆಳಗೆ ಚುಕ್ಕಿ ಇರುವ ವಿಳಾಸವನ್ನು ಮೋಸಗಾರರು ಕಳಿಸಬಹುದು. ಲಿಂಕಿನ ಕೆಳಗೆ ಗೆರೆ ಇರುತ್ತದಲ್ಲ, ಚುಕ್ಕಿ ಅದರಲ್ಲಿ ಮುಚ್ಚಿಹೋಗುತ್ತದೆ.

ಬೇರೆಯವರ ಹೆಸರಿನ ವಿಷಯದಲ್ಲಿ ಇನ್ನೊಂದು ಜಾಗ್ರತೆ. 1843ರಲ್ಲಿ ಮಂಗಳೂರ ಸಮಾಚಾರ ಹೊರತಂದ ಹರ್ಮನ್ ಮೋಗ್ಲಿಂಗ್ ಅವರ ಹೆಸರಿನ ಒ ಮೇಲೆ ಎರಡು ಚುಕ್ಕಿ ಇವೆ. ಅದನ್ನು ಟೈಪ್ ಮಾಡಲು ಆಗದಿದ್ದರೆ ಬರೀ ಒ ಬರೆಯಬಾರದು, ಒ ಆದ ಮೇಲೆ ಇ ಸೇರಿಸಬೇಕು. ಜರ್ಮನ್ನರ ರೂಢಿ ಅದು. ನಮ್ಮ ಳ ಬಗ್ಗೆ ನಾವು ಹಟ ಹಿಡಿಯುವಾಗ ಅವರ ಒ ಬಗ್ಗೆಯೂ ಅಷ್ಟೇ ಕಾಳಜಿ ಇರಬೇಕು, ಅಲ್ವಾ?

ಸೂಚಿ ಜೋಡಿಸುವಾಗ ಇನ್ನೊಂದು ಸಿಕ್ಕು ಬರುತ್ತದೆ. ಕೆಲವು ತಂತ್ರಾಂಶಗಳು ಅಕ್ಷರದ ನಂಬರ್ ನೋಡಿ ಸಾಲಾಗಿ ಇಡುತ್ತವೆ. ಸಾದಾ ಲೆಕ್ಕದಲ್ಲಿ ಝಡ್ 122, ಗೀಟಿನ ಎ 257. ಹಾಗಾಗಿ ಹಾವೇರಿ, ಹಾನಗಲ್ ಎರಡೂ ಹುಬ್ಬಳ್ಳಿಯ ಕೆಳಗೆ ಹೋಗಿ ಕೂರುತ್ತವೆ. ಜೋಡಣೆಯ ಭಾಷೆಯನ್ನು ಸರಿಯಾಗಿ ಆರಿಸಿದರೆ ಇದು ಸರಿಹೋಗುತ್ತದೆ. ಆದರೂ ಕೊನೆಗೊಮ್ಮೆ ಕಣ್ಣಿಂದ ನೋಡಬೇಕು.

ಆ ಹುಡುಗಿಯ ಫೈಲಿಗೆ ಎರಡು ದಿನ ಹಿಡಿಯಿತು. ಹಳೆಯ ಫಾಂಟಿನ ಸಾಲುಗಳನ್ನು ಅವಳು ಮೂಲ ಪುಟ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದಳು, ನಾನು ಟೈಪ್ ಮಾಡಿ ಪರಿವರ್ತಿಸಿದೆ. ಪೂರ್ತಿ ಎನ್‌ಎಫ್‌ಸಿಗೆ ತಂದು, ಜೆಂಟಿಯಮ್ ಹಾಕಿ, ಫಾಂಟನ್ನು ಒಳಗೇ ಸೇರಿಸಿ ಪಿಡಿಎಫ್ ಮಾಡಿದೆವು. ಪ್ರಿಂಟ್ ಹಾಕುವ ಮುಂಚೆ ಆ ಪಿಡಿಎಫನ್ನು ಅವಳ ಫೋನಿನಲ್ಲಿ, ನನ್ನ ಫೋನಿನಲ್ಲಿ, ಪಕ್ಕದ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು. ಸೂಚಿಯಲ್ಲಿ ಲಕ್ಕುಂಡಿ ಒಂದೇ ಕಡೆ ಇತ್ತು, ಎನ್ ಕೆಳಗೆ ಒಂದು ಚುಕ್ಕಿ, ಡಿ ಕೆಳಗೆ ಒಂದು.

"ಅಕ್ಕಾರ, ಎರಡೂ ಅದಾವ ನೋಡ್ರಿ" ಎಂದು ಅವಳು ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು.